ಎದೆ ಕೊಯ್ಯದೆ ವಾಲ್ವ್ ಸರಿಮಾಡಬಹುದಾ? ಡಾಕ್ಟರ್ ಎದುರು ಕೂರುವ ಮೊದಲು ಓದಿ

"ಅಪ್ಪನಿಗೆ ವಾಲ್ವ್ ಹೋಗಿದೆಯಂತೆ. ಆಪರೇಷನ್ ಬೇಡ, ಸ್ಟೆಂಟ್ ಹಾಕೋ ಥರ ಕಾಲಿಂದಲೇ ಹಾಕ್ತಾರೆ ಅಂತ ಯಾರೋ ಹೇಳಿದರು. ನಿಜಾನಾ?" ಊರು, ವಯಸ್ಸು ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ, ಆರೋಗ್ಯದ ವಿಷಯ ಬರೆಯುವವನು. ಇದನ್ನು ಓದಿ ಚಿಕಿತ್ಸೆ ತೀರ್ಮಾನಿಸಬೇಡಿ. ಡಾಕ್ಟರ್ ಹತ್ತಿರ ಸಿಗುವ ಹತ್ತು ನಿಮಿಷದಲ್ಲಿ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಬಳಸಿಕೊಳ್ಳಿ. ಹೆಚ್ಚಿನವರು ಅಲ್ಲಿ ಹೋಗಿ ಕೇಳುವ ಮೊದಲ ಪ್ರಶ್ನೆ "ಓಪನ್ ಹಾರ್ಟಾ, ಅಲ್ವಾ?" ಎಂಬುದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಕೈಯಲ್ಲಿ ಇಟ್ಟುಕೊಳ್ಳಬೇಕಾದವು: ಇತ್ತೀಚಿನ ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟ್, ಸಿಕ್ಕಿದರೆ ಒಂದೆರಡು ವರ್ಷ ಹಳೆಯದೂ ಒಂದು, ಇಸಿಜಿ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಇರುವ ರಕ್ತಪರೀಕ್ಷೆ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ಮಾತ್ರೆಯ ಖಾಲಿ ಶೀಟುಗಳನ್ನೇ ಕವರಿಗೆ ಹಾಕಿಕೊಂಡು ಹೋದರೂ ಆಯಿತು.

1. ಯಾವ ವಾಲ್ವ್, ಏನಾಗಿದೆ ಎಂದು ಮೊದಲು ತಿಳಿದುಕೊಳ್ಳಿ

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತ ಮುಂದಕ್ಕೆ ಹೋಗಲು ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುವ ಬಾಗಿಲುಗಳು. ಎಡಗಡೆ ಮೈಟ್ರಲ್ ಮತ್ತು ಅಯೋರ್ಟಿಕ್, ಬಲಗಡೆ ಟ್ರೈಕಸ್ಪಿಡ್ ಮತ್ತು ಪಲ್ಮನರಿ. ಬಾಗಿಲು ಕೆಡುವುದು ಎರಡೇ ರೀತಿ. ಪೂರ್ತಿ ತೆರೆಯದೆ ಕಿರಿದಾಗುವುದು ಒಂದು, ಅದನ್ನು ಸ್ಟೆನೋಸಿಸ್ ಅನ್ನುತ್ತಾರೆ. ಪೂರ್ತಿ ಮುಚ್ಚದೆ ಸೋರುವುದು ಇನ್ನೊಂದು, ಅದು ರಿಗರ್ಜಿಟೇಶನ್. ಕೆಲವರಿಗೆ ಎರಡೂ ಇರುತ್ತವೆ.

"ವಾಲ್ವ್ ಹೋಗಿದೆ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಮೈಟ್ರಲ್ ಕಿರಿದಾದವರಿಗೆ ಮಾಡುವ ಬಲೂನ್ ಚಿಕಿತ್ಸೆಯನ್ನು ಮೈಟ್ರಲ್ ಸೋರುವವರಿಗೆ ಮಾಡಿದರೆ ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ. ಪಕ್ಕದ ಮನೆಯವರಿಗೆ ಆದದ್ದು ನಿಮ್ಮಪ್ಪನಿಗೆ ಆಗದೇ ಇರಲು ಇದೇ ಕಾರಣ.

2. ಎಕೋ ರಿಪೋರ್ಟಿನ ಮೂರ್ನಾಲ್ಕು ಸಾಲು ಓದಲು ಕಲಿಯಿರಿ

ಎರಡು ಪುಟದ ರಿಪೋರ್ಟಿನಲ್ಲಿ ಕಣ್ಣು ಹಾಕಬೇಕಾದ ಜಾಗಗಳು ಕೆಲವೇ. ಅಯೋರ್ಟಿಕ್ ವಾಲ್ವ್ ಕಿರಿದಾಗಿದೆ ಎಂದಿದ್ದರೆ ಮೂರು ಅಂಕಿ ಹುಡುಕಿ. ವಾಲ್ವಿನ ತೆರಪು 1 ಚದರ ಸೆಂಟಿಮೀಟರಿಗಿಂತ ಕಡಿಮೆ ಇದೆಯೇ? ಸರಾಸರಿ ಗ್ರೇಡಿಯಂಟ್, ಅಂದರೆ ವಾಲ್ವಿನ ಆಚೆ ಈಚೆ ಇರುವ ಒತ್ತಡದ ವ್ಯತ್ಯಾಸ, 40 ಮುಟ್ಟಿದೆಯೇ? ರಕ್ತ ಚಿಮ್ಮುವ ವೇಗ ಸೆಕೆಂಡಿಗೆ 4 ಮೀಟರ್ ಮುಟ್ಟಿದೆಯೇ? ಹೌದಾದರೆ ತೊಂದರೆ ತೀವ್ರ ಹಂತದ್ದು. ಮೈಟ್ರಲ್ ಕಿರಿದಾಗಿದ್ದರೆ ಲೆಕ್ಕ ಬೇರೆ. ಆರೋಗ್ಯವಂತರಲ್ಲಿ ಅದು 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ, 1.5ಕ್ಕೆ ಇಳಿದರೆ ತೀವ್ರ.

ಇನ್ನೊಂದು ಅಂಕಿ ಇಎಫ್, ಅಂದರೆ ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಎಂಬುದು. 55-60 ಇದ್ದರೆ ನೆಮ್ಮದಿ.

ಇಲ್ಲೊಂದು ಎಡವಟ್ಟು ಆಗುತ್ತಿರುತ್ತದೆ. ತೆರಪು 0.8 ಇದೆ, ಗ್ರೇಡಿಯಂಟ್ ಮಾತ್ರ 25. "ಅಷ್ಟೇನಿಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ಸೋತ ಹೃದಯಕ್ಕೆ ಒತ್ತಡ ಎಬ್ಬಿಸುವ ಶಕ್ತಿಯೇ ಇಲ್ಲದಿದ್ದರೆ ಗ್ರೇಡಿಯಂಟ್ ಕಡಿಮೆಯೇ ತೋರಿಸುತ್ತದೆ. ಇಂಥ ಅನುಮಾನ ಇದ್ದಾಗ ಸಿಟಿ ಸ್ಕ್ಯಾನ್ ಮಾಡಿ ವಾಲ್ವಿನ ಮೇಲೆ ಕೂತ ಸುಣ್ಣವನ್ನೇ, ಅಂದರೆ ಕ್ಯಾಲ್ಸಿಯಂ ಅನ್ನೇ, ಅಳೆದು ಒಂದು ಸ್ಕೋರ್ ಕೊಡುತ್ತಾರೆ. ಆ ಸ್ಕೋರ್ ಗಂಡಸರಲ್ಲಿ 2000, ಹೆಂಗಸರಲ್ಲಿ 1200 ದಾಟಿದರೆ ತೀವ್ರ ಎಂದು ಹಿಡಿಯುತ್ತಾರೆ. ಅಂಕಿಗಳು ಒಂದಕ್ಕೊಂದು ತಾಳೆ ಆಗದಿದ್ದರೆ "ಸಾರ್, ಇದು ಯಾಕೆ ಹೀಗಿದೆ?" ಎಂದು ಕೇಳಲು ಹಿಂಜರಿಯಬೇಡಿ.

ಅಂಕಿಯಷ್ಟೇ ಮುಖ್ಯವಾದದ್ದು ಮೈಯ ಲಕ್ಷಣ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಹಿಡಿದ ಹಾಗಾಗುವುದು, ನಡೆಯುವಾಗ ಕಣ್ಣು ಕತ್ತಲೆ. "ನನಗೇನೂ ಆಗಿಲ್ಲ" ಅನ್ನುವ ಹಿರಿಯರು ಎಷ್ಟೋ ಸಲ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿರುತ್ತಾರೆ. ಅದನ್ನು ಮನೆಯವರೇ ಡಾಕ್ಟರಿಗೆ ಹೇಳಬೇಕು.

3. ನಿಮ್ಮ ವಾಲ್ವಿಗೆ ತೂರುನಳಿಕೆಯಲ್ಲಿ ಏನಿದೆ ನೋಡಿ

ತೂರುನಳಿಕೆ, ಅಂದರೆ ಕ್ಯಾಥೆಟರ್, ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ. ಸಾಮಾನ್ಯವಾಗಿ ತೊಡೆಸಂದಿನಿಂದ ಹೃದಯದವರೆಗೆ ಒಯ್ಯುತ್ತಾರೆ.

ಅಯೋರ್ಟಿಕ್ ಕಿರಿದಾಗಿದ್ದರೆ: ಟಾವಿ, ಅಂದರೆ ಕ್ಯಾಥೆಟರಿನಲ್ಲಿ ಹೊಸ ವಾಲ್ವ್ ಒಯ್ದು ಕೂರಿಸುವುದು. ಟಿಎವಿಆರ್ ಅಂದರೂ ಅದೇ. ಫ್ರಾನ್ಸಿನ ರೂವಾನ್ ಊರಿನಲ್ಲಿ ಅಲೇನ್ ಕ್ರಿಬಿಯೇ 2002ರ ಏಪ್ರಿಲ್‌ನಲ್ಲಿ ಮೊದಲ ಸಲ ಮನುಷ್ಯರಿಗೆ ಮಾಡಿದರು. ಅದಕ್ಕೂ ಮುಂಚೆ, 1989ರಲ್ಲಿ, ಡೆನ್ಮಾರ್ಕಿನ ಹೆನಿಂಗ್ ಆಂಡರ್ಸನ್ ಹಂದಿಯ ಹೃದಯದಲ್ಲಿ ಇದು ಸಾಧ್ಯ ಎಂದು ತೋರಿಸಿದ್ದರು. ಹಳೆಯ ವಾಲ್ವನ್ನು ತೆಗೆಯುವುದಿಲ್ಲ. ಅದನ್ನು ಪಕ್ಕಕ್ಕೆ ಒತ್ತಿ ಹೊಸದು ಅಲ್ಲೇ ಕೂರುತ್ತದೆ. ಅಲ್ಲಿ ಕಟ್ಟಿದ ಸುಣ್ಣವೇ ಹೊಸದಕ್ಕೆ ಹಿಡಿತ.

ಮೊದಮೊದಲು ಇದು ಆಪರೇಷನ್ ತಡೆಯಲಾರದ ವೃದ್ಧರಿಗೆ ಮಾತ್ರ ಇತ್ತು. 2019ರಲ್ಲಿ ಎರಡು ದೊಡ್ಡ ಅಧ್ಯಯನಗಳು ಆಪರೇಷನ್ನಿನ ಅಪಾಯ ಕಡಿಮೆ ಇರುವವರಲ್ಲೂ ಟಾವಿ ಓಪನ್ ಹಾರ್ಟಿಗೆ ಸರಿಸಾಟಿ ಎಂದು ತೋರಿಸಿದವು. ತೀರಾ ಈಚಿನ ಬದಲಾವಣೆ ಇನ್ನೊಂದಿದೆ. ತೀವ್ರವಾಗಿ ಕಿರಿದಾಗಿದೆ, ಲಕ್ಷಣ ಏನೂ ಇಲ್ಲ ಎಂಬ 901 ಜನರ ಮೇಲೆ ನಡೆದ ಅಧ್ಯಯನ 2024ರಲ್ಲಿ ಹೊರಬಂತು. ಕಾಯದೆ ಟಾವಿ ಮಾಡಿಸಿಕೊಂಡವರು ಎದ್ದುಬಿದ್ದು ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಔಷಧ ನಿಯಂತ್ರಕರು 2025ರ ಮೇನಲ್ಲಿ ಇಂಥವರಿಗೂ ಒಪ್ಪಿಗೆ ಕೊಟ್ಟರು. ಅಂದರೆ "ತೊಂದರೆ ಕೊಟ್ಟಾಗ ನೋಡೋಣ" ಎಂಬ ಹಳೆಯ ಮಾತನ್ನು ಈಗ ಇನ್ನೊಮ್ಮೆ ಕೇಳಿ ನೋಡಬಹುದು.

ನಮ್ಮ ದೇಶದ್ದೇ ವಾಲ್ವ್ ಕೂಡ ಇದೆ. ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್ವ್. ಇದು 21.5, 24.5, 27.5 ಮಿಲಿಮೀಟರಿನ ನಡುವಿನ ಅಳತೆಗಳಲ್ಲೂ ಸಿಗುತ್ತದೆ. ಚಪ್ಪಲಿಯಲ್ಲಿ ಅರ್ಧ ಸೈಜ್ ಸಿಕ್ಕ ಹಾಗೆ. 2024ರಲ್ಲಿ ಪ್ರಕಟವಾದ ಲ್ಯಾಂಡ್‌ಮಾರ್ಕ್ ಅಧ್ಯಯನದಲ್ಲಿ ವಿದೇಶಿ ವಾಲ್ವುಗಳಿಗೆ ಇದೇನೂ ಕಮ್ಮಿಯಿಲ್ಲ ಎಂದು ಕಂಡುಬಂತು. "ಫಾರಿನ್ನೇ ಹಾಕಿಸಿ" ಎಂದು ಹಟ ಹಿಡಿಯುವ ಮೊದಲು ಇದು ನೆನಪಿರಲಿ.

ಎಚ್ಚರ: ಅಯೋರ್ಟಿಕ್ ಬರೀ ಸೋರುತ್ತಿದ್ದರೆ ಸಾಮಾನ್ಯ ಟಾವಿ ಒಗ್ಗುವುದಿಲ್ಲ. ಸುಣ್ಣ ಇಲ್ಲದ ಕಡೆ ಹೊಸ ವಾಲ್ವಿಗೆ ಹಿಡಿತ ಸಿಗದೆ ಜಾರಬಹುದು. ಇದಕ್ಕೆಂದೇ ಮಾಡಿದ ವಾಲ್ವ್ ಯುರೋಪಿನಲ್ಲಿ 2021ರಿಂದ ಇದೆ. ಇಲ್ಲಿ ಈಗಲೂ ಸಾಮಾನ್ಯ ದಾರಿ ಆಪರೇಷನ್ನೇ.

ಮೈಟ್ರಲ್ ಕಿರಿದಾಗಿದ್ದರೆ: ಬಲೂನ್, ಅಂದರೆ ಬಿಎಂವಿ. ಇದು ಹೊಸದಲ್ಲ. ಜಪಾನಿನ ಕಾಂಜಿ ಇನೌವೆ 1980ರ ದಶಕದ ಶುರುವಿನಲ್ಲಿ ತಂದದ್ದು. ಆದರೆ ನಮ್ಮ ಕಡೆ ಬಹಳ ಜನರಿಗೆ ಬೇಕಾಗುವುದು ಇದೇ. ಚಿಕ್ಕಂದಿನ ಗಂಟಲು ಸೋಂಕು, ಅದರ ಹಿಂದೆ ಬರುವ ರುಮ್ಯಾಟಿಕ್ ಜ್ವರ ಮೈಟ್ರಲ್ ವಾಲ್ವಿನ ಎಸಳುಗಳನ್ನು ಅಂಚಿನಲ್ಲಿ ಅಂಟಿಸಿಬಿಡುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದೇ ಬಸುರಿಯಾದಾಗ ದಮ್ಮು ಕಟ್ಟಿ. ಬೇಕೇಬೇಕಾದರೆ ಗರ್ಭಿಣಿಯರಿಗೂ ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಬಲೂನ್ ಮಾಡುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದರಲ್ಲಿ ಹಳೆಯ ಕೈ. ಮೈಸೂರು, ಕಲಬುರಗಿಯಲ್ಲೂ ಅದರ ಆಸ್ಪತ್ರೆಗಳಿವೆ.

ಬಲೂನಿನ ಅಳತೆ ತೆಗೆಯುವ ಲೆಕ್ಕ ನನಗೆ ಬಹಳ ಇಷ್ಟ. ರೋಗಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು ಹತ್ತರಿಂದ ಭಾಗಿಸಿ, ಹತ್ತು ಕೂಡಿಸುವುದು. 150 ಸೆಂಟಿಮೀಟರ್ ಇರುವ ಹೆಣ್ಣುಮಗಳಿಗೆ 25 ಮಿಲಿಮೀಟರ್ ಬಲೂನ್. ತೊಡೆಯ ರಕ್ತನಾಳದಿಂದ ಹೋಗಿ, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಗೆ ಸಣ್ಣ ತೂತು ಮಾಡಿ, ವಾಲ್ವಿನೊಳಗೆ ಬಲೂನ್ ಊದಿಸುತ್ತಾರೆ. ಅಂಟಿದ ಅಂಚು ಬಿಡುತ್ತದೆ. ಕೆಲವೇ ಸೆಕೆಂಡಿನ ಕೆಲಸ.

ಆದರೆ ವಾಲ್ವ್ ತುಂಬಾ ದಪ್ಪಗಾಗಿ ಸುಣ್ಣ ಕಟ್ಟಿದ್ದರೆ ಆಗದು. ಇದನ್ನು ಅಳೆಯಲು ವಿಲ್ಕಿನ್ಸ್ ಸ್ಕೋರ್ ಇದೆ, 8ರವರೆಗೆ ಇದ್ದರೆ ಒಳ್ಳೆಯದು. ಎಡ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಮಾಡುವುದಿಲ್ಲ. ಅದನ್ನು ನೋಡಲು ಗಂಟಲಿನಿಂದ ಕೊಳವೆ ಇಳಿಸಿ ಮಾಡುವ ಎಕೋ ಬೇಕು. "ಅದು ಕಷ್ಟ, ಬೇಡ" ಅನ್ನಬೇಡಿ. ಆ ಹೆಪ್ಪು ಕಿತ್ತು ಮಿದುಳಿಗೆ ಹೋದರೆ ಪಾರ್ಶ್ವವಾಯು. ಇನ್ನು, ಬಲೂನ್ ಆದ ಮೇಲೆ ಮೂರು ವಾರಕ್ಕೊಮ್ಮೆ ಹಾಕಿಸುವ ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸುವ ಹಾಗಿಲ್ಲ. ಎಷ್ಟು ವರ್ಷ ಎಂದು ಡಾಕ್ಟರ್ ಹೇಳುತ್ತಾರೆ.

ಮೈಟ್ರಲ್ ಸೋರುತ್ತಿದ್ದರೆ: ಕ್ಲಿಪ್. ಇಟಲಿಯ ಶಸ್ತ್ರವೈದ್ಯ ಒಟ್ಟಾವಿಯೊ ಅಲ್ಫಿಯೇರಿ 1990ರ ದಶಕದಲ್ಲಿ ಸೋರುವ ವಾಲ್ವಿನ ಎರಡು ಎಸಳುಗಳನ್ನು ನಡುವೆ ಒಂದು ಹೊಲಿಗೆ ಹಾಕಿ ಸೇರಿಸುತ್ತಿದ್ದರು. ಅದೇ ಹೊಲಿಗೆಯ ಕೆಲಸವನ್ನು ಈಗ ಕ್ಯಾಥೆಟರಿನಲ್ಲಿ ಬರುವ ಕ್ಲಿಪ್ ಮಾಡುತ್ತದೆ, ಒದ್ದೆ ಬಟ್ಟೆಗೆ ಕ್ಲಿಪ್ ಹಾಕಿದ ಹಾಗೆ. ಮೈಟ್ರಾಕ್ಲಿಪ್ ಎಂಬ ಹೆಸರು ಕೇಳಿರುತ್ತೀರಿ.

ಇಲ್ಲಿ ತಿಳಿಯಬೇಕಾದದ್ದು, ವಾಲ್ವೇ ಕೆಟ್ಟು ಸೋರುವುದು ಬೇರೆ, ಹೃದಯ ಹಿಗ್ಗಿ ವಾಲ್ವ್ ಮುಚ್ಚದೆ ಸೋರುವುದು ಬೇರೆ. ಎರಡನೆಯದಕ್ಕೆ ಕ್ಲಿಪ್ ಉಪಯೋಗವೇ ಎಂದು 2018ರಲ್ಲಿ ಎರಡು ಅಧ್ಯಯನಗಳು ಬಂದವು. ಅಮೆರಿಕದ್ದು ಒಳ್ಳೆಯ ಫಲ ಕಂಡಿತು, ಫ್ರಾನ್ಸಿನದು ಏನೂ ಕಾಣಲಿಲ್ಲ. ಅಮೆರಿಕದ ಅಧ್ಯಯನ ಮಾತ್ರೆಗಳನ್ನು ಪೂರ್ತಿ ಪ್ರಮಾಣದಲ್ಲಿ ಕೊಟ್ಟೂ ಸೋರುತ್ತಿದ್ದವರನ್ನೇ ಆರಿಸಿಕೊಂಡಿತ್ತು. ಆದ್ದರಿಂದ ಡಾಕ್ಟರ್ "ಮೊದಲು ಮಾತ್ರೆ ನೋಡೋಣ" ಅಂದರೆ ಅದು ಕಾಲಹರಣ ಅಲ್ಲ.

ಬಲಗಡೆಯ ಟ್ರೈಕಸ್ಪಿಡ್ ಸೋರಿಕೆಗೆ ಅಮೆರಿಕದಲ್ಲಿ 2024ರಲ್ಲಿ ಒಂದು ಕ್ಲಿಪ್, ಒಂದು ಹೊಸ ವಾಲ್ವ್, ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಕ್ಲಿಪ್ಪಿನ ಅಧ್ಯಯನದ ಮೊದಲ ವರ್ಷದಲ್ಲಿ ಸುಸ್ತು, ಊತ ಕಡಿಮೆಯಾಗಿ ಬದುಕು ಹಗುರವಾಯಿತು, ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ.

ಹಿಂದೆ ಆಪರೇಷನ್ನಿನಲ್ಲಿ ಹಾಕಿದ ಟಿಶ್ಯೂ ವಾಲ್ವ್ (ಪ್ರಾಣಿಯ ಅಂಗಾಂಶದಿಂದ ಮಾಡಿದ್ದು) ಸವೆದಿದ್ದರೆ ಅದರೊಳಗೇ ಇನ್ನೊಂದನ್ನು ಕ್ಯಾಥೆಟರಿನಲ್ಲಿ ಕೂರಿಸಬಹುದು. ಟಿಕ್ ಟಿಕ್ ಸದ್ದು ಮಾಡುವ ಲೋಹದ ವಾಲ್ವಿನೊಳಗೆ ಆಗುವುದಿಲ್ಲ.

4. ವಯಸ್ಸಿನ ಲೆಕ್ಕ ಹಾಕಿ

ಟಾವಿ ವಾಲ್ವಿನ ಎಸಳುಗಳು ದನದ ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದವು. ಒಂದಲ್ಲ ಒಂದು ದಿನ ಸವೆಯುತ್ತವೆ. ಟಿಶ್ಯೂ ವಾಲ್ವಿಗೆ ಹತ್ತು ಹದಿನೈದು ವರ್ಷ ಎಂದು ಇಟ್ಟುಕೊಂಡರೆ, 78ರ ಅಜ್ಜನಿಗೆ ಅದು ಸಾಕು. 55ರವರಿಗೆ ಸಾಲದು. ಯುರೋಪಿನ 2025ರ ಮಾರ್ಗಸೂಚಿ 70 ದಾಟಿದವರಿಗೆ, ವಾಲ್ವ್ ಮತ್ತು ರಕ್ತನಾಳಗಳ ರಚನೆ ಹೊಂದಿಕೊಂಡರೆ, ಟಾವಿಯನ್ನು ಮುಂದಿಡುತ್ತದೆ. ಹಿಂದಿನ ಮಾರ್ಗಸೂಚಿಯಲ್ಲಿ ಆ ಗೆರೆ 75 ಇತ್ತು. ಅಮೆರಿಕದ್ದು 65ಕ್ಕಿಂತ ಕಿರಿಯರಿಗೆ ಆಪರೇಷನ್ ಅನ್ನುತ್ತದೆ, 65ರಿಂದ 80ರವರೆಗೆ ಕೂತು ಮಾತಾಡಿ ತೀರ್ಮಾನಿಸಿ ಅನ್ನುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, 60ರ ಕೆಳಗಿನವರು "ಎದೆ ಕೊಯ್ಯಬಾರದು" ಎಂಬ ಒಂದೇ ಕಾರಣಕ್ಕೆ ಟಾವಿಗೆ ಹೋಗುವುದು ದುಬಾರಿ ತಪ್ಪು. "ಇದು ಸವೆದ ಮೇಲೆ ಮುಂದೇನು? ಎರಡನೆಯದನ್ನು ಇದರೊಳಗೆ ಹಾಕಲು ಜಾಗ ಇರುತ್ತಾ? ನಾಳೆ ಬ್ಲಾಕ್ ಆದರೆ ಸ್ಟೆಂಟ್ ಹಾಕಲು ದಾರಿ ಸಿಗುತ್ತಾ?" ಈ ಮೂರನ್ನು ಕೇಳದೆ ಸಹಿ ಹಾಕಬೇಡಿ.

5. ಸಿಟಿ ಸ್ಕ್ಯಾನ್ ಮತ್ತು ತಯಾರಿ

ಟಾವಿ ಆಗುತ್ತದೋ ಇಲ್ಲವೋ ಹೇಳುವುದು ಸಿಟಿ. ವಾಲ್ವಿನ ಸುತ್ತಳತೆ, ಹೃದಯದ ರಕ್ತನಾಳಗಳು ಎಷ್ಟು ಎತ್ತರದಲ್ಲಿ ಹೊರಡುತ್ತವೆ, ತೊಡೆಯ ರಕ್ತನಾಳ ಎಷ್ಟು ಅಗಲ, ಎಲ್ಲವೂ ಅದರಲ್ಲೇ. ತೊಡೆಯ ನಾಳ ಐದೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ದಾರಿ ಸಲೀಸು. ಸಣ್ಣಗಿದ್ದರೆ ಬೇರೆ ದಾರಿ ಹುಡುಕುತ್ತಾರೆ.

ಸಿಟಿಗೆ ಚುಚ್ಚುವ ಬಣ್ಣದ ದ್ರವ ಕಿಡ್ನಿಗೆ ಭಾರ. ಕ್ರಿಯಾಟಿನಿನ್ ಜಾಸ್ತಿ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ.

ಹಲ್ಲು ತೋರಿಸಿಕೊಳ್ಳಿ. ಬಾಯಿಯ ಸೋಂಕು ರಕ್ತಕ್ಕಿಳಿದು ಹೊಸ ವಾಲ್ವಿಗೆ ಅಂಟಬಹುದು. ನಮ್ಮ ಚಿಕ್ಕಪ್ಪ ಹುಳುಕು ಹಲ್ಲನ್ನು ಯಾರಿಗೂ ಹೇಳದೆ ಲವಂಗ ಕಚ್ಚಿಕೊಂಡಿದ್ದರು. ಕೊನೆ ಗಳಿಗೆಯಲ್ಲಿ ಗೊತ್ತಾಗಿ ಅವರ ವಾಲ್ವ್ ಚಿಕಿತ್ಸೆ ಮೂರು ವಾರ ಮುಂದೆ ಹೋಯಿತು.

ಕಾಯುವ ದಿನಗಳಲ್ಲಿ ಒಂದು ಎಚ್ಚರ. ಅಯೋರ್ಟಿಕ್ ತೀವ್ರವಾಗಿ ಕಿರಿದಾಗಿರುವವರು ಎದೆನೋವು ಬಂತೆಂದು ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಂಡರೆ ಬಿಪಿ ದಿಢೀರ್ ಇಳಿದು ತಲೆ ತಿರುಗಿ ಬೀಳಬಹುದು. ನೋವು ಬಂದರೆ ಏನು ಮಾಡಬೇಕೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಸುಣ್ಣ ಕರಗಿಸುತ್ತೇವೆ ಎನ್ನುವ ಕಷಾಯ, ಡ್ರಿಪ್ ಚಿಕಿತ್ಸೆಗಳ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ವಾಲ್ವಿನ ಸುಣ್ಣ ಕರಗಿಸುವ ಔಷಧಿ ಇಲ್ಲಿಯವರೆಗೆ ಇಲ್ಲ.

6. ಆಸ್ಪತ್ರೆ ಮತ್ತು ದುಡ್ಡು

ಹೃದ್ರೋಗ ತಜ್ಞರು, ಹೃದಯ ಶಸ್ತ್ರವೈದ್ಯರು ಒಟ್ಟಿಗೆ ಕೂತು ನಿಮ್ಮ ಸಿಟಿ ನೋಡಿ ತೀರ್ಮಾನಿಸುವ ಜಾಗ ಆರಿಸಿ. ಇಂಥ ಗುಂಪಿಗೆ ಹಾರ್ಟ್ ಟೀಮ್ ಅನ್ನುತ್ತಾರೆ. "ವರ್ಷಕ್ಕೆ ಎಷ್ಟು ಮಾಡುತ್ತೀರಿ? ಎಡವಟ್ಟಾದರೆ ಆಪರೇಷನ್ ಇದೇ ಕಟ್ಟಡದಲ್ಲಿ ಆಗುತ್ತಾ?" ಎಂದು ಕೇಳಿದರೆ ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಲೂನ್ ಚಿಕಿತ್ಸೆ ಕೈಗೆಟುಕುವಂಥದ್ದು, ಸರ್ಕಾರಿ ಯೋಜನೆಯಲ್ಲೂ ಬರುತ್ತದೆ. ಟಾವಿ, ಕ್ಲಿಪ್ ಹಾಗಲ್ಲ, ಹತ್ತು ಲಕ್ಷ ದಾಟುವುದು ಮಾಮೂಲು. ಅದರಲ್ಲಿ ದೊಡ್ಡ ಪಾಲು ವಾಲ್ವಿನದೇ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರನ್ನು ಕಾಣಿರಿ. ಖಾಸಗಿ ವಿಮೆ ಇದ್ದರೆ ಈ ಚಿಕಿತ್ಸೆಗೆ ಬೇರೆ ಮಿತಿ ಇದೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಪ್ಯಾಕೇಜ್ ಹೇಳಿದಾಗ "ಪೇಸ್‌ಮೇಕರ್ ಬೇಕಾದರೆ ಅದು ಸೇರಿದೆಯಾ?" ಎಂದು ಕೇಳಲೇಬೇಕು. ಕಾರಣ ಮುಂದಿದೆ.

7. ಆ ದಿನ ಏನಾಗುತ್ತದೆ

ಟಾವಿಯಲ್ಲಿ ಪೂರ್ತಿ ಅರಿವಳಿಕೆ ಬೇಕಾಗದೇ ಇರಬಹುದು, ಮಂಪರು ಬರಿಸಿ ಮಾಡುವುದು ಈಗ ಹೆಚ್ಚು. ಕ್ಲಿಪ್ಪಿಗೆ ಪೂರ್ತಿ ನಿದ್ದೆ ಬೇಕು, ಗಂಟಲಿನಲ್ಲಿ ಎಕೋ ಕೊಳವೆ ಇಟ್ಟುಕೊಂಡೇ ಕೆಲಸ.

ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಕ್ಯಾಥೆಟರ್ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಹೆಬ್ಬೆರಳಿನಷ್ಟು ಅಗಲದ ವಾಲ್ವನ್ನು ಒಂದು ಪುಟ್ಟ ಯಂತ್ರದಲ್ಲಿಟ್ಟು ಹಿಡಿ ತಿರುಗಿಸುತ್ತಾರೆ. ಅದು ಪೆನ್ಸಿಲ್ ಗಾತ್ರಕ್ಕೆ ಬಲೂನಿನ ಮೇಲೆ ಮುದುಡಿ ಕೂರುತ್ತದೆ. ಪರದೆಯ ಮೇಲೆ ಎರಡು ಗೆರೆ ಓಡುತ್ತಿರುತ್ತವೆ. ಒಂದು ವಾಲ್ವಿನ ಹಿಂದಿನ ಒತ್ತಡ, ಇನ್ನೊಂದು ಮುಂದಿನದು, ನಡುವೆ ದೊಡ್ಡ ಅಂತರ. ಬಲೂನ್ ಬಗೆಯ ವಾಲ್ವಾದರೆ ಹೃದಯವನ್ನು ನಿಮಿಷಕ್ಕೆ 180ರಷ್ಟು ವೇಗವಾಗಿ ಬಡಿಸುತ್ತಾರೆ. ರಕ್ತ ಚಿಮ್ಮುವುದು ನಿಂತಂತಾಗಿ ಗೆರೆಗಳು ಕೆಳಗೆ ಬೀಳುತ್ತವೆ. ಆ ಕೆಲವು ಸೆಕೆಂಡಿನಲ್ಲಿ ಬಲೂನ್ ಊದಿ ಇಳಿಸುತ್ತಾರೆ. ಬಡಿತ ಮರಳಿದಾಗ ಎರಡೂ ಗೆರೆಗಳ ತುದಿ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದಿರುತ್ತವೆ.

ಅಪಾಯಗಳೂ ಇವೆ. ಹೃದಯದ ಬಡಿತದ ತಂತು ಅಯೋರ್ಟಿಕ್ ವಾಲ್ವಿನ ಕೆಳಗೇ ಹಾದುಹೋಗುತ್ತದೆ. ಹೊಸ ವಾಲ್ವ್ ಅದನ್ನು ಒತ್ತಿದರೆ ಬಡಿತ ನಿಧಾನವಾಗಿ ಪೇಸ್‌ಮೇಕರ್ ಬೇಕಾಗಬಹುದು. ಪಾರ್ಶ್ವವಾಯು, ತೊಡೆಯ ರಕ್ತನಾಳಕ್ಕೆ ಪೆಟ್ಟು, ವಾಲ್ವಿನ ಅಂಚಿನಲ್ಲಿ ಸೋರಿಕೆ, ಅಪರೂಪಕ್ಕೆ ಸಾವು. "ಸಣ್ಣ ತೂತು ಅಷ್ಟೇ" ಎಂದು ಹೇಳಿ ಹಿರಿಯರನ್ನು ಕರೆದುಕೊಂಡು ಹೋಗಬೇಡಿ.

8. ಮನೆಗೆ ಬಂದ ಮೇಲೆ

ತೊಡಕಿಲ್ಲದಿದ್ದರೆ ಕೆಲವೇ ದಿನದಲ್ಲಿ ಮನೆಗೆ ಕಳಿಸುತ್ತಾರೆ. ತೊಡೆಸಂದಿನಲ್ಲಿ ಗಡ್ಡೆ, ರಕ್ತ, ಕಾಲು ತಣ್ಣಗಾಗುವುದು ಕಂಡರೆ ಕಾಯಬೇಡಿ. ಮೊದಲ ವಾರಗಳಲ್ಲಿ ತಲೆಸುತ್ತಿ ಬಂದರೆ "ನಿಶ್ಶಕ್ತಿ" ಎಂದು ಎಳನೀರು ಕುಡಿಸಿ ಮಲಗಿಸಬೇಡಿ, ಇಸಿಜಿ ಮಾಡಿಸಿ. ಬಡಿತದ ತೊಂದರೆ ತಡವಾಗಿಯೂ ಬರಬಹುದು.

ಟಾವಿ ಆದ ಬಹಳ ಜನರಿಗೆ ಒಂದು ಆಸ್ಪಿರಿನ್ ಸಾಕಾಗುತ್ತದೆ. ಬಡಿತ ಏರುಪೇರಿನ ಕಾಯಿಲೆ ಇರುವವರಿಗೆ ಬೇರೆ ಮಾತ್ರೆ. ಎಕೋ ತಿಂಗಳಿಗೊಮ್ಮೆ ಅಲ್ಲದಿದ್ದರೂ ವರ್ಷಕ್ಕೊಮ್ಮೆ ಬೇಕು.

ಯಾವ ವಾಲ್ವ್, ಯಾವ ಅಳತೆ, ಯಾವ ದಿನ ಎಂದು ಬರೆದ ಕಾರ್ಡ್ ಕೊಡುತ್ತಾರೆ. ಅದರ ಫೋಟೋ ಮನೆಯ ಎಲ್ಲರ ಫೋನಿನಲ್ಲಿರಲಿ. ಹಲ್ಲು ಕೀಳಿಸುವ ಮೊದಲು ಆ ಕಾರ್ಡ್ ತೋರಿಸಿ, ಮುಂಚಿತವಾಗಿ ಆಂಟಿಬಯಾಟಿಕ್ ಕೊಡುತ್ತಾರೆ. ಕಾರಣ ಗೊತ್ತಿಲ್ಲದ ಜ್ವರ ಎರಡು ಮೂರು ದಿನ ಬಿಡದಿದ್ದರೆ ಮಾತ್ರ ಉಲ್ಟಾ. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಿಸಬೇಡಿ. ಮೊದಲು ಬ್ಲಡ್ ಕಲ್ಚರಿಗೆ ರಕ್ತ ಕೊಡಿಸಿ. ಮಾತ್ರೆ ಒಳಗೆ ಹೋದ ಮೇಲೆ ವಾಲ್ವಿಗೆ ತಗುಲಿದ ಕ್ರಿಮಿ ಯಾವುದೆಂದು ಹಿಡಿಯುವುದು ಬಹಳ ಕಷ್ಟ.